ಚಿತಾಗಾರದ ಸರದಿ

ಸತ್ತ ಮೇಲೂ ಸರದಿ ತಪ್ಪದು. ವಿದ್ಯುತ್ ಚಿತಾಗಾರದ ಒಲೆ ಬೆಳಗ್ಗೆಯೇ ಕೆಟ್ಟು ಕೂತಿತ್ತು. ರಿಪೇರಿಯ ಶಿವಮಲ್ಲು ಲ್ಯಾಪ್‌ಟಾಪಿಗೆ ಸೀರಿಯಲ್ ಅಡಾಪ್ಟರ್ ಸಿಕ್ಕಿಸಿ, ಅದರ ವೈರನ್ನು ಒಲೆಯ ಕಂಟ್ರೋಲರಿಗೆ ಎಳೆದು, ಅಳಿಸಿಹೋಗಿದ್ದ ಪ್ರೋಗ್ರಾಮನ್ನು ಮತ್ತೆ ತುಂಬುತ್ತಿದ್ದ. ಹೊರಗೆ ಬಿಸಿಲಲ್ಲಿ ಪೌರಕಾರ್ಮಿಕೆ ದುಂಡಮ್ಮ ಗಂಡನ ಹೆಣದ ಮೇಲಿನ ನೊಣ ಓಡಿಸುತ್ತ ಕೂತಿದ್ದಳು.

ಕೆಲಸ ಮುಗಿಯುವ ಹೊತ್ತಿಗೆ ನಗರಸಭೆ ಸದಸ್ಯ ಚಿಕ್ಕರಂಗಪ್ಪ ಪಟಾಲಂ ಸಮೇತ ಬಂದ. ತಂದದ್ದು ಹೆಣವಲ್ಲ, ತಂದೆಯ ಪಾರ್ಥಿವ ಶರೀರ.

"ಆ ಹೆಂಗಸಿಂದು ಆಮೇಲಾಗ್ಲಿ. ನಮ್ಮದು ಮೊದಲು. ಇಲ್ಲಾಂದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ!"

ಶಿವಮಲ್ಲು ಕೈಮುಗಿದ. "ಆಗಲಿ ಸಾರ್, ದೊಡ್ಡೋರದೇ ಮೊದಲು. ಪ್ರೋಗ್ರಾಂ ಈಗಷ್ಟೇ ತುಂಬಿದ್ದು, ಇನ್ನೂ ಯಾರನ್ನೂ ಸುಟ್ಟು ನೋಡಿಲ್ಲ. ಅಕಸ್ಮಾತ್ ಅರ್ಧಕ್ಕೆ ನಿಂತರೆ ಯಜಮಾನರನ್ನ ಹೊರಗೆ ಎಳೀಬೇಕಾಗುತ್ತೆ. ಮಗ ನೀವು, ಒಂದು ಕೈ ಹಿಡೀರಿ ಸಾಕು."

ಚಿಕ್ಕರಂಗಪ್ಪನ ಮುಖ ಬಿಳಿಚಿಕೊಂಡಿತು. "ಪಾಪ, ಆಯಮ್ಮ ಬೆಳಗ್ಗಿಂದ ಕಾದಿದ್ದಾಳೆ. ಅವಳದ್ದೇ ಆಗಲಿ," ಎಂದ.

ಒಲೆ ಎಲ್ಲೂ ಕೈಕೊಡದೆ ಉರಿಯಿತು. ಬೂದಿಯ ಮಡಕೆ ಹಿಡಿದು ಹೊರಟ ದುಂಡಮ್ಮ ಮೆಲ್ಲಗೆ ಕೇಳಿದಳು: "ಅದು ನಿಜವಾಗ್ಲೂ ನಿಂತುಹೋಗ್ತಿತ್ತೇನಪ್ಪಾ?"

"ಇಲ್ಲಕ್ಕ. ನಿಂತುಹೋಗೋ ಹಾಗಿದ್ರೆ ಅವರಪ್ಪನ್ನೇ ಮೊದಲು ಹಾಕ್ತಿದ್ದೆ."