ಗುರುಗಳಿಗೊಂದು ಬಚ್ಚಲುಮನೆ

ಕೆರೆಯ ದಂಡೆಯ ಮೇಲಿನ ಪುಟ್ಟ ಮಠದಲ್ಲಿ ಇದ್ದವರು ಇಬ್ಬರೇ. ಗುರುಗಳು ಮರುಳಯ್ಯನವರು. ಶಿಷ್ಯ ಭೋಗಣ್ಣ, ಕಲ್ಲುಕೆಲಸ ಬಿಟ್ಟು ಆರು ತಿಂಗಳ ಹಿಂದೆ ಬಂದವನು.

ಬೇಸಿಗೆಯಲ್ಲಿ ಕೆರೆಯ ನೀರು ಇಳಿದರೆ ಊರಿಗೊಂದು ಕಟ್ಟುಪಾಡು. ಮನೆಯಾಗಲಿ, ಕುಲುಮೆಯಾಗಲಿ, ಮಠವಾಗಲಿ, ದಿನಕ್ಕೆ ನಾಲ್ಕೇ ಕೊಡ ನೀರು. ಮಠದ ನಾಲ್ಕರಲ್ಲಿ ಒಂದು ಗುರುಗಳ ಸ್ನಾನಕ್ಕೆ.

ಆ ಸ್ನಾನವೇ ಭೋಗಣ್ಣನ ಸಂಕಟ. ಗುರುಗಳು ಬೆಳಿಗ್ಗೆ ಎದ್ದವರೇ ಮಣೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಡುವರು. ನಿನ್ನೆ ನುಗ್ಗೆಮರದ ಬುಡ, ಇವತ್ತು ಬದನೆಯ ಪಾತಿ, ನಾಳೆ ಇನ್ನೆಲ್ಲೋ. ಬಟ್ಟಬಯಲಲ್ಲಿ ಮಣೆ ಹಾಕಿ, ಪಂಚೆ ಬಿಗಿದು, ಗಟ್ಟಿಯಾಗಿ ಹಾಡಿಕೊಳ್ಳುತ್ತ ಮೀಯುವರು.

ನೀರಿಗೆ ಬಂದ ಹೆಂಗಸರಿಗೆ ಒಳ್ಳೇ ತಮಾಷೆ.

"ಭೋಗಣ್ಣ, ನಿಮ್ ಗುರುಗೋಳು ಇವತ್ತು ಯಾವ ಗಿಡದ ಬುಡದಾಗವ್ರೆ? ಹೇಳಪ್ಪ, ನಾವು ಆ ಕಡೆ ಬರಾಕಿಲ್ಲ!"

ಭೋಗಣ್ಣನ ಮುಖ ಕೆಂಪಾಗುತ್ತಿತ್ತು. ಗುರುಗಳೆಂದರೆ ಅವನಿಗೆ ಪ್ರಾಣ. ಓದುಬರಹ ಬಾರದ ತನ್ನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆದುಕೊಂಡವರು. ಅವರಿಗೆ ಕೊಡಲು ಅವನಲ್ಲಿ ಇದ್ದದ್ದು ಕೈಕಸುಬು ಒಂದೇ.

ಒಂದು ತಿಂಗಳು ಬೆವರು ಸುರಿಸಿ ಬಚ್ಚಲುಮನೆ ಕಟ್ಟಿದ. ಎದೆಮಟ್ಟದ ಗೋಡೆಯಲ್ಲ, ತಲೆ ಮುಳುಗುವಷ್ಟು ಎತ್ತರದ್ದು. ನುಣ್ಣನೆಯ ಚಪ್ಪಡಿ ನೆಲ. ಬಿದ್ದ ನೀರು ಒಂದು ಹನಿಯೂ ನಿಲ್ಲದೆ ಮೋರಿಯಲ್ಲಿ ಓಡಿ ಆಚೆಯ ಬಂಡೆಯ ಮೇಲೆ ಹೋಗಿ ಬೀಳುವಷ್ಟು ಹದವಾದ ಇಳಿಜಾರು.

ಗುರುಗಳು ಒಪ್ಪಿದರೆ ತಾನು ಈ ಮಠದವನು. ಒಪ್ಪದಿದ್ದರೆ ಉಳಿ ಸುತ್ತಿಗೆ ಕಟ್ಟಿಕೊಂಡು ಹೊರಟುಬಿಡುವುದೇ ಸರಿ. ಹಾಗೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಬೆಳಿಗ್ಗೆ ಕೊಡ ತುಂಬಿ ಒಳಗಿಟ್ಟು ಕೈಮುಗಿದ. ಗುರುಗಳು ಗೋಡೆ ತಡವಿದರು, ನೆಲ ತಡವಿದರು.

"ಆಹಾ, ಎಂಥ ಕೆಲಸವಯ್ಯ!" ಎನ್ನುತ್ತ ಒಳಗೆ ಹೋದರು.

ನೀರಿನ ಸದ್ದಿಲ್ಲ. ಹಾಡಿಲ್ಲ. ಸ್ವಲ್ಪ ಹೊತ್ತಿಗೆ ತುಂಬಿದ ಕೊಡ ಹೊತ್ತುಕೊಂಡು ಹೊರಗೆ ಬಂದರು. ಮೈ ಒಣಗಿತ್ತು.



"ಸ್ನಾನ ಮಾಡಲಿಲ್ಲವೇ ಗುರುಗಳೇ?"

"ಕಾದು ಕೂತಿದ್ದೆ. ಯಾರೂ ಬರಲಿಲ್ಲ."

"ಯಾರು ಬರಬೇಕಿತ್ತು?"

ಗುರುಗಳು ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡರು. ಅವನ ಕೈಹಿಡಿದು ಕುಂಬಳದ ಪಾತಿಗೆ ಕರೆದೊಯ್ದರು. ಮಣೆ ಹಾಕಿದರು.

"ಕೂತ್ಕೋ."

"ನಾನೇ? ನಿಮ್ಮ ನೀರಲ್ಲೇ?"

"ಕೂತ್ಕೊಳ್ಳಯ್ಯ!"

ಅವನು ಕೂತ. ಗುರುಗಳು ತಂಬಿಗೆ ತಂಬಿಗೆ ಮೊಗೆದು ಅವನ ತಲೆಯ ಮೇಲೆ ಸುರಿದರು. ಸುರಿಯುತ್ತ ಹಾಡಿದರು. ನೀರು ಅವನ ಬೆನ್ನಿಳಿದು, ಮಣೆಯಿಳಿದು, ಪಾತಿಯಲ್ಲಿ ಹರಿದು, ಬಾಡಿದ ಬಳ್ಳಿಯ ಬುಡ ಸೇರಿತು. ಎಲ್ಲಿಂದಲೋ ಎರಡು ಗುಬ್ಬಿ ಬಂದು ಕೆಸರಲ್ಲಿ ರೆಕ್ಕೆ ಬಡಿದವು. ಕಪ್ಪೆಯೊಂದು ಎಲೆಯಡಿಯಿಂದ ನೆಗೆದು ಅವನ ಪಾದದ ಮೇಲೇ ಕೂತಿತು.

ಭೋಗಣ್ಣ ಬೆಚ್ಚಿದ. ಆಮೇಲೆ ನಕ್ಕ. ಮಠಕ್ಕೆ ಬಂದ ಮೇಲೆ ಹಾಗೆ ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು. ಇಂಥ ಬೇಸಿಗೆಯಲ್ಲೂ ಮಠದ ಹುಳಿಗೆ ದಿನವೂ ತರಕಾರಿ ಎಲ್ಲಿಂದ ಬರುತ್ತದೆಂದು ತಾನು ಒಮ್ಮೆಯಾದರೂ ಯೋಚಿಸಲಿಲ್ಲವಲ್ಲ ಎನ್ನಿಸಿ ಇನ್ನಷ್ಟು ನಕ್ಕ.

ನಗು ನಿಂತ ಮೇಲೆ ತಲೆಯೊರೆಸಿಕೊಂಡು ಮೆಲ್ಲಗೆ ಕೇಳಿದ.

"ಹಾಗಾದರೆ ನಾನು ಕಟ್ಟಿದ ಬಚ್ಚಲುಮನೆ ಬೇಡವೇ ಗುರುಗಳೇ?"

"ಬೇಡ ಅಂದವರು ಯಾರು? ಮೋರಿಯನ್ನಷ್ಟು ತೋಟದ ಕಡೆಗೆ ತಿರುಗಿಸಿಬಿಡು ಭೋಗಣ್ಣ. ನನಗೆ ಒಬ್ಬನೇ ಮಿಂದು ಅಭ್ಯಾಸವಿಲ್ಲ."