ಕಬ್ಬಿಣದ ವ್ಯಾಪಾರಿಯ ಇಟಲಿ ಬೈಕು

ಶಿಷ್ಯ ಕೇಳಿದ: "ಗುರುಗಳೇ, ನನ್ನ ಜೊತೆ ದೀಕ್ಷೆ ಪಡೆದವನು ಮನೆ ಬಿಟ್ಟು ಬರುವಾಗ ನಗುತ್ತಿದ್ದ. ಎಲ್ಲರೂ ಅವನನ್ನು ಹೊಗಳಿದರು. ನಾನು ಅಳುತ್ತಾ ಬಂದೆ. ಈಗಲೂ ಒಮ್ಮೊಮ್ಮೆ ಅಳು ಬರುತ್ತದೆ. ಬಿಟ್ಟದ್ದಕ್ಕಾಗಿ ಅಳುವವನು ನಿಜವಾಗಿ ಬಿಟ್ಟಂತಾಯಿತೇ?"

 ಗುರುಗಳು ಈ ಕತೆ ಹೇಳಿದರು.

ಗದಗಿನಲ್ಲಿ ಗುರುಬಸಪ್ಪ ಎಂಬ ಕಬ್ಬಿಣದ ವ್ಯಾಪಾರಿ ಇದ್ದ. ಅವನ ದಿನವೆಲ್ಲ ಸರಳು, ತಗಡು, ಮೊಳೆಗಳ ನಡುವೆ ಕಳೆಯುತ್ತಿತ್ತು. ಅವನಿಗೆ ಇದ್ದದ್ದು ಒಂದೇ ಹಂಬಲ. ಇಟಲಿಯಲ್ಲಿ ತಯಾರಾದ ಒಂದು ಹಳೆಯ ಮೋಟಾರ್ ಸೈಕಲ್ಲು ಮುಂಬಯಿಯಲ್ಲಿ ಮಾರಾಟಕ್ಕಿದೆ ಎಂದು ತಿಳಿದಾಗ ಅವನು ಅಂಗಡಿ ಮುಚ್ಚಿ ಹೋದ, ಅದನ್ನು ತಂದ. ಸುತ್ತಮುತ್ತ ಎಲ್ಲಿಯೂ ಅಂಥ ಇನ್ನೊಂದು ಗಾಡಿ ಇರಲಿಲ್ಲ. ಒಂದು ಸಣ್ಣ ವಾಷರ್ ಸವೆದರೂ ಅದು ಹಡಗಿನಲ್ಲಿ ಬರಬೇಕು. ಬರುವವರೆಗೆ ಅವನು ಕಾಯುತ್ತಿದ್ದ. ಆ ಕಾಯುವಿಕೆಯೂ ಅವನಿಗೆ ಹಿತವಾಗಿತ್ತು.

ಅಂಗಡಿ ತೆರೆಯುವ ಮೊದಲು ಅವನು ಲಕ್ಕುಂಡಿಯ ದಾರಿಯಲ್ಲಿ ಅದನ್ನು ಓಡಿಸುತ್ತಿದ್ದ. ಇಕ್ಕೆಲದಲ್ಲಿ ಬಯಲು, ಎದುರಿಗೆ ಗಾಳಿ. ಆಗ ಅವನು ವ್ಯಾಪಾರಿಯಲ್ಲ, ಗಂಡನಲ್ಲ, ಯಾರೂ ಅಲ್ಲ. ಆದರೆ ಅದನ್ನು ಬೇರೆಯವರು ಮುಟ್ಟಿದರೆ ಸಹಿಸುತ್ತಿರಲಿಲ್ಲ. ಹೆಂಡತಿ ಒಮ್ಮೆ ಮರೆತು ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲ್ಲು ಹಾಕಿದಳು. ಅವನು ಅವಳೊಡನೆ ಕೆಲವು ದಿನ ಮಾತು ಬಿಟ್ಟ.

ಹೀಗೆ ವರ್ಷಗಳು ಕಳೆದವು. ಅವನ ಕೈಬೆರಳುಗಳಿಗೆ ನರದ ಬೇನೆ ಬಂತು. ಹಿಡಿತ ಸಡಿಲವಾಯಿತು. ಒಂದು ದಿನ ಊರ ಹತ್ತಿರ ಒಬ್ಬ ಮುದುಕಿ ರಸ್ತೆ ದಾಟುತ್ತಿದ್ದಳು. ಅವನು ಕೈಬ್ರೇಕು ಹಿಡಿಯಹೋದ, ಬೆರಳು ಹಿಡಿಯಲಿಲ್ಲ. ಕಾಲಿನ ಬ್ರೇಕು ಒತ್ತಿದ, ಗಾಡಿ ಅವಳ ಸೆರಗಿಗೆ ತಾಗಿ ನಿಂತಿತು. ಅವನು ಇಳಿದು, ಗಾಡಿಯನ್ನು ಮನೆಯವರೆಗೆ ತಳ್ಳಿಕೊಂಡು ಬಂದ. ಮತ್ತೆ ಅದರ ಮೇಲೆ ಕೂರಲಿಲ್ಲ.

ಕೊಳ್ಳಲು ಹಲವರು ಬಂದರು. ಬೆಲೆ ಕೇಳಿದರು, ಚಿತ್ರ ತೆಗೆದುಕೊಂಡರು. ಕೊನೆಗೆ ನಾಗವೇಣಿ ಎಂಬ ಹುಡುಗಿ ಬಂದಳು. ಅವಳು ದನದ ಡಾಕ್ಟರು, ಹಳ್ಳಿಯಿಂದ ಹಳ್ಳಿಗೆ ತಿರುಗುವವಳು. "ಕಾಕಾ, ಚಳಿಗಾಲದಲ್ಲಿ ಇದು ಹಟ ಮಾಡುತ್ತದೆಯೇ?" ಎಂದು ಕೇಳಿದಳು. ಅವನು ಅವಳಿಗೇ ಕೊಟ್ಟ.

ಕೊಡುವಾಗ ಅವನ ಮುಖದಲ್ಲಿ ನಗುವಿತ್ತು. "ಕಬ್ಬಿಣ ಬಂತು, ಕಬ್ಬಿಣ ಹೋಯಿತು" ಎಂದ. ಪೇಟೆಯವರು, ಎಂಥ ವಿರಕ್ತ ಎಂದರು. ಅವನೂ ಹಾಗೆಯೇ ನಂಬಿದ. ಆದರೆ ಅಂದಿನಿಂದ ಅವನು ಲಕ್ಕುಂಡಿಯ ದಾರಿಯಲ್ಲಿ ಕಾಲಿಡಲಿಲ್ಲ. ಇದನ್ನು ಅವನ ಹೆಂಡತಿ ಮಾತ್ರ ಗಮನಿಸಿದಳು.

ಒಂದು ಮಧ್ಯಾಹ್ನ ಅವನು ಊಟಕ್ಕೆ ಕುಳಿತಿದ್ದಾಗ ನಾಗವೇಣಿಯ ಫೋನು ಬಂತು.

"ಕಾಕಾ, ಎಮ್ಮೆ ಅಡ್ಡ ಬಂತು. ನಾನು ಬಿದ್ದೆ."

"ಗಾಡಿಗೆ ಏನಾಯಿತು?" ಎಂದ ಗುರುಬಸಪ್ಪ.

 ಅವಳು ಹೇಳಿದಳು: "ಮುಂದಿನ ಚಕ್ರ ಸೊಟ್ಟಗಾಗಿದೆ. ಟ್ಯಾಂಕು ನಜ್ಜುಗುಜ್ಜಾಗಿದೆ. ನನ್ನ ಬಲಗಾಲು ಮುರಿದಿದೆ, ಕಾಕಾ. ಆಸ್ಪತ್ರೆಯಲ್ಲಿದ್ದೇನೆ."

ಬಡಿಸುತ್ತಿದ್ದ ಹೆಂಡತಿ ಅವನ ಮುಖ ನೋಡಿದಳು.  ಅವನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ತಾನು ಏನು ಕೇಳಿದೆ ಎಂಬುದು ಅವನಿಗೆ ಆಗ ಕೇಳಿಸಿತು.

ಅವನು ಆಸ್ಪತ್ರೆಗೆ ಹೋದ. ಹುಡುಗಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. "ತಾಯಿ, ಮೊದಲು ಕೇಳಬೇಕಾದ್ದನ್ನು ನಾನು ಕೇಳಲಿಲ್ಲ" ಎಂದ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. "ನೀವೇ ಅದನ್ನು ಮರಳಿ ತೆಗೆದುಕೊಳ್ಳಿ, ಕಾಕಾ. ನಿಮ್ಮ ಹತ್ತಿರ ಇದ್ದರೆ ಉಳಿಯುತ್ತದೆ" ಎಂದಳು.

ಗುರುಬಸಪ್ಪನ ಎದೆ ಸಂತೋಷದಿಂದ ಹಾರಿತು. ಮರುಕ್ಷಣವೇ ಅವನಿಗೆ ಭಯವಾಯಿತು. ಮುರಿದ ಕಾಲಿನ ಪಕ್ಕದಲ್ಲಿ ನಿಂತು ಹಿಗ್ಗುವ ಈ ಮನುಷ್ಯ ಯಾರು ಎಂದು ಅವನು ತನ್ನನ್ನೇ ಕೇಳಿಕೊಂಡ.  ಆಮೇಲೆ, "ಅದು ನಿನ್ನದು. ನೀನು ಏಳುವಷ್ಟರಲ್ಲಿ ಅದನ್ನೂ ಎಬ್ಬಿಸುತ್ತೇನೆ" ಎಂದ.

ಅವನು ಗಾಡಿಯನ್ನು ಮೆಕ್ಯಾನಿಕ್‌ನ ಬಳಿ ತಂದ. ಚಕ್ರ ಪರದೇಶದಿಂದ ಬಂತು. ಟ್ಯಾಂಕನ್ನು ಬಡಿದು ನೇರ ಮಾಡಿದರು. ಅಷ್ಟರಲ್ಲಿ ಹುಡುಗಿ ಎದ್ದು ಓಡಾಡತೊಡಗಿದಳು. ಆದರೆ ಅವಳ ಬಲಪಾದ ಮೊದಲಿನಂತೆ ಮೇಲಕ್ಕೆ ಮಡಚುತ್ತಿರಲಿಲ್ಲ. ಆ ಗಾಡಿಯ ಗೇರು ಇದ್ದದ್ದು ಬಲಗಾಲಿಗೆ. ಕಾಲ್ಬೆರಳಿನಿಂದ ಅದನ್ನು ಎತ್ತಲು ಅವಳಿಗೆ ಆಗುತ್ತಿರಲಿಲ್ಲ.

ಗುರುಬಸಪ್ಪ ಗೇರಿನ ಪೆಡಲನ್ನು ಕತ್ತರಿಸಲು ಹೇಳಿದ. ಹಿಂದಕ್ಕೆ ಒಂದು ತುಂಡು ಬೆಸೆದರೆ ಹಿಮ್ಮಡಿಯಿಂದ ಒತ್ತಬಹುದು.

ಮೆಕ್ಯಾನಿಕ್ ಗಾಬರಿಯಾದ. "ಸಾಹುಕಾರ್ರೇ, ಮೂಲದ ಭಾಗ. ಕತ್ತರಿಸಿದರೆ ಮತ್ತೆ ಸಿಗುವುದಿಲ್ಲ. ಗಾಡಿಯ ಘನತೆಯೇ ಹೋಗುತ್ತದೆ."

"ಓಡಿಸುವವಳು ಅವಳು. ಕತ್ತರಿಸು" ಎಂದ ಗುರುಬಸಪ್ಪ.

ಗರಗಸ ಆಡುವಾಗ ಅವನು ಆಚೆ ಹೋಗಲಿಲ್ಲ. ಎರಡೂ ಕೈಯಿಂದ ಪೆಡಲಿನ ಇನ್ನೊಂದು ತುದಿ ಹಿಡಿದುಕೊಂಡು ನೋಡುತ್ತಾ ನಿಂತ.

ನಾಗವೇಣಿ ಗುರುಬಸಪ್ಪನ ಅಂಗಡಿಗೆ ಬಂದು ಗಾಡಿ ಹತ್ತಿದಳು. ಹಿಮ್ಮಡಿಯಿಂದ ಗೇರು ಒತ್ತಿದಳು. ಗಾಡಿ ಹೊರಟಿತು. ಸದ್ದು ಕೇಳದಾಗುವವರೆಗೆ ಗುರುಬಸಪ್ಪ ಬೀದಿಯಲ್ಲಿ ನಿಂತಿದ್ದ. ಆಮೇಲೆ ಪೇಟೆಯ ನಡುವೆ, ಎಲ್ಲರೂ ನೋಡುತ್ತಿರುವಂತೆ, ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ವಿರಕ್ತ ಎಂದವರು ಮುಜುಗರದಿಂದ ಮುಖ ತಿರುಗಿಸಿದರು. ಹೆಂಡತಿ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಗುರುಗಳೇ, ಮೊದಲ ಸಲ ನಗುತ್ತಾ ಕೊಟ್ಟವನು ಎರಡನೆಯ ಸಲ ಏಕೆ ಅತ್ತ?"

ಗುರುಗಳು ಹೇಳಿದರು: "ಮೊದಲ ಸಲ ಅವನು ಕೊಟ್ಟೇ ಇರಲಿಲ್ಲ."