ಓತಿಕ್ಯಾತ ತಲೆ ಆಡಿಸುವುದು ಯಾಕೆ

ಲೋಕ ಆಗ ಇನ್ನೂ ಹೊಸದು. ಬೆಟ್ಟದ ಬಂಡೆಗಳು ಆಗಷ್ಟೇ ತಣ್ಣಗಾಗಿ ಕೂತಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಗಾಳಿಯೂ ಮಾತಾಡುತ್ತಿತ್ತು, ಹಲ್ಲಿಯೂ ಮಾತಾಡುತ್ತಿತ್ತು.

ಆ ಕಾಲದ ಸೂರ್ಯನಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಇವತ್ತು ಬೆಳಗಿನಿಂದ ನೀನು ಒಳಗೂ ಹೊರಗೂ ತಿರುಗುತ್ತಿದ್ದೀಯಲ್ಲ ನೀಲು, ಹಾಗೆ. ಯಾಕೆಂದು ನನಗೆ ಗೊತ್ತು. ನೀನು ಹುಟ್ಟಿದ ಗಳಿಗೆ ಚೆನ್ನಾಗಿಲ್ಲ, ಅದಕ್ಕೇ ನಿಮ್ಮಪ್ಪ ಬಿದ್ದು ಕಾಲು ಮುರಿದುಕೊಂಡ ಎಂದು ನಿನ್ನೆ ಬಂದ ನೆಂಟರು ಅಂದರು. ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡಲಿ, ನನಗೆ ಬರುವುದು ಕಥೆ. ಬಾ, ಅಜ್ಜಿಯ ಪಕ್ಕ ಕೂತುಕೋ.

ಆ ಬೆಟ್ಟದ ಎದುರಿಗೆ ಲೋಕದ ಮೊದಲ ಮನೆಯಿತ್ತು. ಅಲ್ಲಿ ಮಾರಕ್ಕ ಮಕ್ಕಳ ಜೊತೆ ಇದ್ದಳು. ಮನೆಯ ಗೋಡೆಯಲ್ಲಿ ಒಂದು ಹಲ್ಲಿ ಇದ್ದ. ಅಂಗಳದ ಕಲ್ಲಿನ ಮೇಲೆ ಒಂದು ಓತಿಕ್ಯಾತ ಇದ್ದಳು. ಅವಳನ್ನು ಎಲ್ಲರೂ ಓತವ್ವ ಅನ್ನುತ್ತಿದ್ದರು.

ಓತವ್ವ ಆ ವರ್ಷ ತಡವಾಗಿ ಮೊಟ್ಟೆಯಿಟ್ಟಿದ್ದಳು. ಕಲ್ಲಿನ ಬುಡದ ಮರಳಿನಲ್ಲಿ ಹೂತು ಕಾಯುತ್ತಿದ್ದಳು. ಮರಳು ಬೆಚ್ಚಗಿದ್ದರೆ ಮರಿ, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ಸೂರ್ಯ ಜಾಗ ಬದಲಿಸತೊಡಗಿದ. ನಿನ್ನೆ ಒಂದು ಬಂಡೆಯ ಹಿಂದಿನಿಂದ ಬಂದವನು ಇವತ್ತು ಅದರ ಬಲಕ್ಕೆ, ನಾಳೆ ಇನ್ನೂ ಬಲಕ್ಕೆ. ಹಗಲು ಚಿಕ್ಕದಾಯಿತು, ಚಳಿ ಬಂತು. ಇರುವೆಗಳು ಅನ್ನ ಹೊತ್ತು ಅತ್ತ ಓಡಿದವು, ಇತ್ತ ಓಡಿದವು. ಗಾಳಿ ಮನೆಗೂ ಬಿಲಗಳಿಗೂ ನುಗ್ಗಿ ಹೊರಡಿ ಹೊರಡಿ ಅಂದಿತು, ಎಲ್ಲಿಗೆ ಎಂದು ಮಾತ್ರ ಹೇಳಲಿಲ್ಲ.

"ಸೂರ್ಯಪ್ಪ ನಮ್ಮನ್ನ ಬಿಟ್ಟು ಹೊರಟ," ಅಂದಳು ಮಾರಕ್ಕ. "ಯಾಕೆ ಅಂತ ಯಾರಾದ್ರೂ ಹೇಳ್ರಪ್ಪಾ."

ಗೋಡೆಯಿಂದ ಹಲ್ಲಿ ಲೊಚ್ ಲೊಚ್ ಅಂದ. "ನಂಗೊತ್ತು. ಓತವ್ವ ಮೊಟ್ಟೆ ಇಟ್ಟ ಗಳಿಗೆ ಕೆಟ್ಟದ್ದು. ಅವನಿಗೆ ಸಿಟ್ಟು ಬಂದಿದೆ. ಆ ಮೊಟ್ಟೆಗಳನ್ನ ಹೊಳೆಗೆ ಹಾಕಿ, ತಿರುಗಿ ಬರ್ತಾನೆ."

ಈ ಹಲ್ಲಿ ಹುಟ್ಟಿದಾಗಿನಿಂದ ಗೋಡೆ ಬಿಟ್ಟು ಹೊರಗೆ ಬಂದವನೇ ಅಲ್ಲ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದೂ ನೋಡಿರಲಿಲ್ಲ. ಆದರೆ ಹೆದರಿದವರು ಅದನ್ನೆಲ್ಲ ಕೇಳುತ್ತಾರೆಯೇ?

ಮಾರಕ್ಕ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಳು. "ಏನ್ ಮಾಡ್ಲಿ ಓತವ್ವ, ನನ್ನ ಮಕ್ಕಳೂ ಚಳಿಗೆ ನಡುಗ್ತಾವೆ. ಮೊಟ್ಟೆ ಕೊಟ್ಬಿಡು."

ಓತವ್ವ ಕಲ್ಲು ಬಿಟ್ಟು ಕದಲಲಿಲ್ಲ.

"ಮಾರಕ್ಕ, ನಾನು ದಿನಾ ಬೆಳಿಗ್ಗೆ ಈ ಕಲ್ಲಿನ ಮೇಲೆ ಕೂತು ನೋಡ್ತಿದ್ದೀನಿ. ಮೊದಲು ಅವನು ದೊಡ್ಡ ದೊಡ್ಡ ಹೆಜ್ಜೆ ಇಡ್ತಿದ್ದ. ಆಮೇಲೆ ಸಣ್ಣ ಹೆಜ್ಜೆ. ಈಗ ಇನ್ನೂ ಸಣ್ಣ ಹೆಜ್ಜೆ. ಬಿಟ್ಟು ಓಡೋನು ಹೀಗೆ ನಡೀತಾನಾ? ನಂಗ್ಯಾಕೋ ಅವನು ನಿಲ್ತಾನೆ ಅನ್ಸುತ್ತೆ."

"ಅನ್ಸುತ್ತಾ? ಖಂಡಿತಾ ಗೊತ್ತಿಲ್ವಾ?" ಅಂದಳು ಮಾರಕ್ಕ.

"ಗೊತ್ತಿಲ್ಲ. ಅದಕ್ಕೇ ನೋಡೋಣ ಅಂತಿದ್ದೀನಿ. ಅಲ್ಲಿ ಬೆಟ್ಟದ ಬಲತುದೀಲಿ ಆನೆಬಂಡೆ ಇದೆಯಲ್ಲ, ಅದನ್ನ ಅವನು ದಾಟಿದ್ರೆ ನಂದು ತಪ್ಪು. ಬುಟ್ಟಿ ತಗೊಂಡು ಬಾ."

"ನಂಗೆ ಖಂಡಿತಾ ಗೊತ್ತು," ಅಂದ ಹಲ್ಲಿ ಗೋಡೆಯೊಳಗಿನಿಂದ. "ಕಾಯ್ಬೇಡಿ, ಈಗ್ಲೇ ಹಾಕಿ."

ಮಾರಕ್ಕ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಕಲ್ಲು ನೋಡಿದಳು. ಕೊನೆಗೆ ಬುಟ್ಟಿ ಕೆಳಗಿಟ್ಟು ಓತವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಸರಿ, ನೋಡೋಣ ಅಂದಳು.

ಆಮೇಲಿನ ಬೆಳಗುಗಳು ಯಾರಿಗೂ ಬೇಡ. ಓತವ್ವನಿಗೆ ನಿದ್ದೆಯಿಲ್ಲ, ನೊಣ ಮೂಗಿನ ಮುಂದೆ ಬಂದರೂ ಹಸಿವಿಲ್ಲ. ಬೆಳಕು ಮೂಡುವ ಹೊತ್ತಿಗೆ ಕಲ್ಲಿನ ಮೇಲೆ ಮುಂಗಾಲು ಚಾಚಿ ನಿಲ್ಲುವಳು. ತಲೆ ಮೇಲೆತ್ತಿ ಬಂಡೆ ನೋಡುವಳು, ತಲೆ ತಗ್ಗಿಸಿ ಮರಳು ನೋಡುವಳು. ಮತ್ತೆ ಬಂಡೆ, ಮತ್ತೆ ಮರಳು. ಬೆಳಕು ಎಲ್ಲಿ ಬಂತು, ಮೊಟ್ಟೆ ಹಾಗೇ ಇದೆಯೇ, ಬೆಳಕು ಎಲ್ಲಿ ಬಂತು.

ಸೂರ್ಯ ಆನೆಬಂಡೆಯ ಹತ್ತಿರ ಬಂದ. ಇನ್ನಷ್ಟು ಹತ್ತಿರ ಬಂದ. ಮಾರಕ್ಕನ ಕೈ ಬುಟ್ಟಿಯ ಕಡೆ ಹೋಯಿತು.

ಮರುದಿನ ಅವನು ಅಲ್ಲೇ ಹುಟ್ಟಿದ. ಅದರ ಮರುದಿನವೂ ಅಲ್ಲೇ. ಓತವ್ವ ಮೇಲೆ ಕೆಳಗೆ, ಮೇಲೆ ಕೆಳಗೆ ನೋಡಿದಳು. ಕಣ್ಣು ಮೋಸ ಮಾಡುತ್ತಿರಬಹುದು ಎಂದು ಮತ್ತೊಮ್ಮೆ ನೋಡಿದಳು. ಇಷ್ಟು ದಿನ ಅವಸರದಲ್ಲಿದ್ದವನನ್ನು ಮಾತಾಡಿಸುವುದು ಹೇಗೆ? ಈಗ ನಿಂತಿದ್ದ. ಅವಳು ಗಂಟಲೆತ್ತಿ ಕೂಗಿದಳು.

"ಸೂರ್ಯಪ್ಪಾ, ನನ್ನ ಮೊಟ್ಟೆಗಳ ಮೇಲೆ ಸಿಟ್ಟಾ ನಿಂಗೆ?"

ಸೂರ್ಯ ಬೆಟ್ಟದ ಮೇಲಿನಿಂದ ಬಗ್ಗಿ ನೋಡಿದ.

"ಯಾವ ಮೊಟ್ಟೆ?" ಅಂದ.

ಓತವ್ವ ತಲೆ ತಗ್ಗಿಸಿ ಮರಳಿನ ಕಡೆ ತೋರಿಸಿದಳು.

"ನನಗೆ ಒಂದೇ ಕಡೆ ಹುಟ್ಟಿ ಹುಟ್ಟಿ ಬೇಜಾರಾಗುತ್ತೆ," ಅಂದ ಸೂರ್ಯ. "ಆ ತುದಿವರೆಗೆ ಹೋಗ್ತೀನಿ, ಈ ತುದಿವರೆಗೆ ಬರ್ತೀನಿ. ಅಷ್ಟೇ. ಕೆಳಗೆ ಯಾರು ಯಾವಾಗ ಮೊಟ್ಟೆ ಇಟ್ರೋ ನಂಗೇನು ಗೊತ್ತು? ಈಗ ದಾರಿ ಬಿಡಿ, ವಾಪಸ್ ಹೊರಟೆ."

ಮರುದಿನ ಬೆಳಕು ಕೂದಲೆಳೆಯಷ್ಟು ಎಡಕ್ಕೆ ಬಂತು. ಓತವ್ವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟಳು. ಮಾರಕ್ಕ ಬುಟ್ಟಿಯನ್ನು ಒಲೆಗೆ ಹಾಕಿ ಮಕ್ಕಳ ಮೈ ಕಾಯಿಸಿದಳು. ಬಿಸಿಲು ಬಲಿತು, ಮರಳು ಕಾದು, ಮೊಟ್ಟೆ ಒಡೆದು ಮರಿಗಳು ಹೊರಬಂದವು. ಬಂದವೇ ಅಮ್ಮನನ್ನು ನೋಡಿ ತಲೆ ಮೇಲೆ ಕೆಳಗೆ ಮಾಡಿದವು.

ಹಲ್ಲಿ ಮಾತ್ರ, "ನಾನು ಹೆದರಿಸಿದ್ದಕ್ಕೇ ಅವನು ತಿರುಗಿದ್ದು, ಲೊಚ್ ಲೊಚ್" ಅಂದ. ಮಾರಕ್ಕ ಪೊರಕೆ ತೆಗೆದುಕೊಂಡಳು. ಹಲ್ಲಿ ಬಾಲ ಬಿಟ್ಟು ತೊಲೆಯ ಸಂದಿಗೆ ಓಡಿದ. ಈಗಲೂ ನಾವು ಏನೇ ಮಾತಾಡಿದರೂ ಅವನ ಮಕ್ಕಳು ಅಲ್ಲಿಂದಲೇ ಲೊಚ್ ಲೊಚ್ ಅನ್ನುತ್ತವೆ.

ಸೂರ್ಯ ಹೀಗೆ ಓಡಾಡುವಂತೆ ಕಾಣುವುದು ಭೂಮಿ ವಾಲಿಕೊಂಡು ಅವನ ಸುತ್ತ ತಿರುಗುವುದರಿಂದ ಎಂದು ನಿಮ್ಮ ಟೀಚರ್ ಹೇಳುತ್ತಾರೆ. ಅವರು ಹೇಳುವುದೇ ಸರಿ. ಆನೆಬಂಡೆ ಇಲ್ಲದಿದ್ದರೂ ಎದುರು ಮನೆಯ ನೀರಿನ ಟ್ಯಾಂಕನ್ನು ಗುರುತಿಗೆ ಇಟ್ಟುಕೊಂಡು ನೀನೇ ನೋಡಬಹುದು. ಮೇಲೆ ಬಂದ ಸೂರ್ಯನನ್ನು ಮಾತ್ರ ದಿಟ್ಟಿಸಬೇಡ, ಕಣ್ಣು ಹಾಳಾಗುತ್ತದೆ.

ನಿಮ್ಮಪ್ಪ ಜಾರಿದ್ದು ಮೆಟ್ಟಿಲ ಮೇಲಿನ ಪಾಚಿಯಿಂದ, ನೀಲು. ನೀನು ಹುಟ್ಟಿದ ಬೆಳಿಗ್ಗೆ ಸೂರ್ಯ ತನ್ನ ಪಾಡಿಗೆ ತಾನು ಹೋಗುತ್ತಿದ್ದ, ನೀನು ಬಂದದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿದದ್ದು ನಮಗೆ. ಆಸ್ಪತ್ರೆಯ ವರಾಂಡದಲ್ಲಿ ನಿಮ್ಮಪ್ಪ ಎರಡು ಕಾಲಲ್ಲೂ ಕುಣಿದ.

ಇನ್ನು ಎದ್ದು ಕಣ್ಣೊರೆಸಿಕೊಂಡು ಕಾಂಪೌಂಡ್ ಗೋಡೆಯ ಕಡೆ ನೋಡು: ಬಿಸಿಲಿಗೆ ಮುಂಗಾಲು ಚಾಚಿ ನಿಂತ ಆ ಓತಿಕ್ಯಾತ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದೆಯಲ್ಲ, ಅದು ಓತವ್ವನ ಮೊಮ್ಮಗಳು, ಯಾರು ಏನೇ ಅಂದರೂ ಇವತ್ತಿಗೂ ತಾನೇ ನೋಡಿ ತಿಳಿದುಕೊಳ್ಳುತ್ತಿದ್ದಾಳೆ.